ಬೊಹೀಮಿಯನ್ ಹಾಲ್‌ನ ಏಳನೇ ಕಿಟಕಿ

ಹಾಲ್‌ನಲ್ಲಿ ಹತ್ತು ಕಿಟಕಿ ಇವೆ. ಮೇ ತಿಂಗಳಲ್ಲಿ ನಾವು ಎಂಟು ಕನ್ನಡ ಮನೆಯವರು ಸೇರಿ ಮಿರ್ಚಿ ಭಜಿ ಕರಿದ ದಿನ ಅದರಲ್ಲಿ ಒಂದೂ ತೆರೆಯಲಿಲ್ಲ. ಮೆಣಸಿನಕಾಯಿ ಘಾಟು, ಎಣ್ಣೆ ಹೊಗೆ, ಮಕ್ಕಳ ಕೆಮ್ಮು. ಹೊಗೆಯ ಅಲಾರಂ ಬೇರೆ ಕೂಗಿಕೊಂಡಿತು. ಇಬ್ಬರು ಸೇರಿ ಒಂದು ಕಿಟಕಿಯನ್ನು ತಳ್ಳಿ ತಳ್ಳಿ ಒಂದು ಗೇಣು ಮೇಲೆತ್ತಿ, ಕೆಳಗೆ ಕೋಲು ಕೊಟ್ಟೆವು. ಸ್ವಲ್ಪ ಹೊತ್ತಿಗೆ ಕೋಲು ಜಾರಿ ಕಿಟಕಿ ದಡ್ ಅಂತ ಬಿತ್ತು. ಪುಣ್ಯಕ್ಕೆ ಯಾರ ಬೆರಳೂ ಅಲ್ಲಿರಲಿಲ್ಲ.

ಹಾಲ್ ಇರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಸೇಂಟ್ ಪಾಲ್‌ನಿಂದ ದಕ್ಷಿಣಕ್ಕೆ ಸುಮಾರು ಒಂದು ಗಂಟೆ ದಾರಿ, ಸುತ್ತ ಗೋವಿನಜೋಳದ ಹೊಲ. ಬಿಳಿ ಬಣ್ಣದ ಮರದ ಕಟ್ಟಡ. ಒಳಗೆ ಕುಣಿಯುವುದಕ್ಕೆ ಮೇಪಲ್ ಮರದ ನೆಲ, ಒಂದು ಕಡೆ ಸಣ್ಣ ರಂಗಮಂಚ, ಕೆಳಗೆ ನೆಲಮಾಳಿಗೆಯಲ್ಲಿ ಅಡುಗೆಮನೆ. ಬಾಗಿಲ ಮೇಲೆ ನಾಲ್ಕು ಅಕ್ಷರ: ಝಡ್, ಸಿ, ಬಿ, ಜೆ. ಚೆಕ್ ಭಾಷೆಯಲ್ಲಿ ಅದು ‘ಜಾಪಡ್ನಿ ಚೆಸ್ಕೊ-ಬ್ರಾತ್ರ್‌ಸ್ಕಾ ಯೆಡ್ನೊಟಾ’. ಪಶ್ಚಿಮದ ಚೆಕ್ ಸೋದರರ ಒಕ್ಕೂಟ ಅಂತ ಅರ್ಥ. ಈಗಿನ ಚೆಕ್ ದೇಶದ ಪಶ್ಚಿಮ ಭಾಗವಾದ ಬೊಹೀಮಿಯಾದಿಂದ ಬಂದ ರೈತರು ತಾವೇ ದುಡ್ಡು ಹಾಕಿ, ತಾವೇ ಮೊಳೆ ಹೊಡೆದು ಕಟ್ಟಿಕೊಂಡ ಹಾಲ್. ಅವರನ್ನು ಇಲ್ಲಿಯವರು ಬೊಹೀಮಿಯನ್ನರು ಅಂತಲೇ ಕರೆಯುತ್ತಿದ್ದರು.

ಹಾಲ್ ನೋಡಿಕೊಳ್ಳುವ ಕಮಿಟಿಯಲ್ಲಿ ಈಗ ಐದಾರು ಜನ ಉಳಿದಿದ್ದಾರೆ. ಕೀಲಿ ಇರುವುದು ಎಂಬತ್ತು ದಾಟಿದ ಒಬ್ಬರ ಹತ್ತಿರ. ನಾನು ಮನಸ್ಸಿನಲ್ಲೇ ಅವರಿಗೆ ಕೀಲಿ ಅಜ್ಜ ಅಂತ ಹೆಸರಿಟ್ಟಿದ್ದೇನೆ. ಕಿಟಕಿ ಬಿದ್ದಿದ್ದಕ್ಕೆ ಕ್ಷಮೆ ಕೇಳಲು ಹೋದಾಗ ಅವರು ಜೇಬಿನಿಂದ ಒಂದು ಕಾಗದ ತೆಗೆದು ತೋರಿಸಿದರು. ಒಂದು ಕಂಪನಿಯವರು ಹತ್ತೂ ಕಿಟಕಿ ಕಿತ್ತು ಪ್ಲಾಸ್ಟಿಕ್ ಕಿಟಕಿ ಕೂರಿಸಲು 14,000 ಡಾಲರ್ ಕೇಳಿದ್ದರು. ಇಪ್ಪತ್ತು ವರ್ಷ ಗ್ಯಾರಂಟಿ. ‘ಈಗಿರುವವು ನೂರು ವರ್ಷ ಬಾಳಿವೆ. ಅದಕ್ಕೆ ಯಾರೂ ಗ್ಯಾರಂಟಿ ಕೊಟ್ಟಿರಲಿಲ್ಲ’ ಅಂದರು ಅಜ್ಜ.

ನಾನು ಒಂದು ಕಿಟಕಿ ಕೇಳಿದೆ. ಬರೀ ಒಂದು. ಮನೆಯಲ್ಲಿ ಹಳೆ ಟೇಬಲ್, ಕುರ್ಚಿ ರಿಪೇರಿ ಮಾಡಿಕೊಂಡ ಅನುಭವ ಬಿಟ್ಟರೆ ನನಗೆ ಬೇರೇನೂ ಗೊತ್ತಿರಲಿಲ್ಲ. ಅಜ್ಜ ಯೋಚಿಸಿ ಉತ್ತರದ ಗೋಡೆಯಲ್ಲಿ ಪಿಯಾನೋ ಹಿಂದಿರುವ ಕಿಟಕಿ ಕೊಟ್ಟರು. ಕೆಟ್ಟರೂ ಯಾರ ಕಣ್ಣಿಗೂ ಬೀಳದ ಕಿಟಕಿ. ಬುದ್ಧಿವಂತರು.

ಜೂನ್, ಮೊದಲ ಶನಿವಾರ

ಮೊದಲು ಈ ಕಿಟಕಿ ಹೇಗೆ ಕೆಲಸ ಮಾಡುತ್ತದೆ ಅಂತ ಹೇಳಬೇಕು. ನಮ್ಮ ಕಡೆ ಕಿಟಕಿಗೆ ಬಾಗಿಲು ಇರುತ್ತವೆ, ಬಿಜಾಗರಿ ಮೇಲೆ ತಿರುಗುತ್ತವೆ. ಇಲ್ಲಿ ಹಾಗಲ್ಲ. ಗಾಜು ಕೂರಿಸಿದ ಎರಡು ಮರದ ಚೌಕಟ್ಟುಗಳು ಒಂದರ ಹಿಂದೆ ಒಂದು ಮೇಲೆ ಕೆಳಗೆ ಜಾರುತ್ತವೆ. ಈ ಚೌಕಟ್ಟಿಗೆ ಸ್ಯಾಷ್ ಅಂತ ಹೆಸರು. ಗಾಜು ಸೇರಿ ಒಂದೊಂದೂ ಹತ್ತು ಕಿಲೋ ತೂಗುತ್ತದೆ. ಆದರೂ ಸರಿಯಾಗಿದ್ದರೆ ಒಂದು ಬೆರಳಿನಿಂದ ಎತ್ತಬಹುದು. ಬಿಟ್ಟಲ್ಲೇ ನಿಲ್ಲುತ್ತದೆ.

ಗುಟ್ಟು ಇರುವುದು ಗೋಡೆಯೊಳಗೆ. ಕಿಟಕಿಯ ಎರಡೂ ಪಕ್ಕ ಹಲಗೆಯ ಹಿಂದೆ ಉದ್ದದ ಟೊಳ್ಳು ಜಾಗ ಇದೆ. ಅಲ್ಲಿ ಎರಕದ ಕಬ್ಬಿಣದ ಗುಂಡುಗಳು ನೇತಾಡುತ್ತವೆ. ಸ್ಯಾಷ್‌ನ ಪಕ್ಕಕ್ಕೆ ಹತ್ತಿಯ ಹಗ್ಗ ಕಟ್ಟಿ, ಮೇಲಿನ ಗಾಲಿಯ ಮೇಲೆ ಹಾಯಿಸಿ, ಇನ್ನೊಂದು ತುದಿಗೆ ಈ ಗುಂಡು ಕಟ್ಟಿರುತ್ತಾರೆ. ಬಾವಿಯಲ್ಲಿ ಗಡಗಡೆಗೆ ಎರಡು ಕೊಡ ಕಟ್ಟಿದ ಹಾಗೆ. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಒಂದು ಸ್ಯಾಷ್‌ಗೆ ಎರಡು ಗುಂಡು, ಒಂದು ಕಿಟಕಿಗೆ ನಾಲ್ಕು.

ಹಗ್ಗ ಹರಿದರೆ ಅಷ್ಟೇ ಕಥೆ. ಕಿಟಕಿ ಭಾರವಾಗುತ್ತದೆ, ಕೋಲು ಕೊಡಬೇಕಾಗುತ್ತದೆ. ಆಮೇಲೆ ಯಾರೋ ಬಣ್ಣ ಹಚ್ಚುವಾಗ ಸಂದಿಗೂ ಸೇರಿಸಿ ಹಚ್ಚುತ್ತಾರೆ. ಬಣ್ಣವೇ ಅಂಟಾಗಿ ಕಿಟಕಿ ಗೋಡೆಗೆ ಸೇರಿಹೋಗುತ್ತದೆ. ಕಿಟಕಿ ಕೆಟ್ಟಿದೆ ಅಂತ ಎಲ್ಲರೂ ಹೇಳುತ್ತಿದ್ದರು. ಕೆಟ್ಟಿದ್ದು ನಾಲ್ಕು ಹಗ್ಗ ಮತ್ತು ಎಪ್ಪತ್ತು ಎಂಬತ್ತು ವರ್ಷದ ಬಣ್ಣ.

ಇವತ್ತು ಬಿಚ್ಚಿದ್ದು. ತೆಳು ಚಾಕುವಿನಿಂದ ಬಣ್ಣದ ಗೆರೆ ಕೊಯ್ದು, ಒಳಗಿನ ಪಟ್ಟಿಗಳನ್ನು ಸ್ವಲ್ಪ ಸ್ವಲ್ಪವೇ ಎಬ್ಬಿಸಿದೆ. ಮೊಳೆಗಳನ್ನು ಮುಂದಿನಿಂದ ಹೊಡೆದು ತೆಗೆಯಬಾರದು, ಮರ ಸಿಪ್ಪೆ ಏಳುತ್ತದೆ. ಇಕ್ಕಳದಲ್ಲಿ ಹಿಡಿದು ಪಟ್ಟಿಯ ಹಿಂದಿನಿಂದಲೇ ಎಳೆದುಬಿಟ್ಟರೆ ಮುಂದಿನ ಮುಖ ಹಾಗೇ ಉಳಿಯುತ್ತದೆ. ಕೆಳಗಿನ ಸ್ಯಾಷ್ ಬಂತು. ಎರಡು ಸ್ಯಾಷ್‌ಗಳ ನಡುವಿನ ತೆಳು ಪಟ್ಟಿ ಮೂರು ತುಂಡಾಗಿ ಬಂತು. ಅದು ಮುರಿಯುವುದೇ ಜಾಸ್ತಿಯಂತೆ, ಅಂಗಡಿಯಲ್ಲಿ ಹೊಸದು ಅಗ್ಗಕ್ಕೆ ಸಿಗುತ್ತದೆ. ಮೇಲಿನ ಸ್ಯಾಷ್‌ಗೆ ಮಾತ್ರ ಎರಡು ಗಂಟೆ ಹಿಡಿಯಿತು. ಅದು ತೆರೆಯುತ್ತದೆ ಅನ್ನುವುದೇ ಅಜ್ಜನಿಗೆ ಗೊತ್ತಿರಲಿಲ್ಲ.

ಗುಂಡು ತೆಗೆಯಲು ಗೋಡೆ ಒಡೆಯಬೇಕೇನೋ ಅಂತ ಹೆದರಿದ್ದೆ. ಬೇಕಾಗಿಲ್ಲ. ಪಕ್ಕದ ಹಲಗೆಯ ಕೆಳಭಾಗದಲ್ಲಿ ಒಂದು ಅಡಿ ಉದ್ದದ ತುಂಡನ್ನು ಬೇರೆಯಾಗಿ ಕೊಯ್ದು, ಒಂದೇ ಸ್ಕ್ರೂನಿಂದ ಕೂರಿಸಿದ್ದರು. ಬಣ್ಣದ ಕೆಳಗೆ ಅದು ಕಾಣುವುದಿಲ್ಲ. ಟಾರ್ಚನ್ನು ಹಲಗೆಗೆ ಅಡ್ಡಡ್ಡ ಹಿಡಿದಾಗ ಕೂದಲೆಳೆಯಷ್ಟು ನೆರಳು ಕಂಡಿತು. ಅಂದರೆ ಇದನ್ನು ಮಾಡಿದ ಬಡಗಿಗೆ ಹಗ್ಗ ಒಂದು ದಿನ ಹರಿಯುತ್ತದೆ ಅಂತ ಗೊತ್ತಿತ್ತು. ಕೈ ಹಾಕಲು ಬಾಗಿಲು ಬಿಟ್ಟು ಹೋಗಿದ್ದ. ನನಗಂತೂ ಅಲ್ಲೇ ಮನಸ್ಸು ಸೋತಿತು.

ಒಳಗೆ ಏನಿತ್ತು ಅಂತ ಎಲ್ಲರೂ ಕೇಳುತ್ತಾರೆ. ಹಳೆ ಪತ್ರ, ನಾಣ್ಯ ಏನೂ ಇಲ್ಲ. ಇಲಿ ಗೂಡು, ಆಕ್ರೋಟದ ಸಿಪ್ಪೆ, ಒಂದು ಹಿಡಿ ಮರದ ಹೊಟ್ಟು. ಮೂರು ಗುಂಡು ಸರಿಯಾಗಿದ್ದವು. ನಾಲ್ಕನೆಯದು ಗುಂಡೇ ಅಲ್ಲ. ಹಲ್ಲುಕುಂಟೆಯ ಕಬ್ಬಿಣದ ಹಲ್ಲುಗಳು, ಎರಡು ಉದ್ದದ ಬೋಲ್ಟು, ಎಲ್ಲ ಸೇರಿಸಿ ತಂತಿ ಸುತ್ತಿ ಬಿಗಿದ ಒಂದು ಕಟ್ಟು. ಯಾರೋ ರೈತ ಯಾವಾಗಲೋ ಮಾಡಿದ ರಿಪೇರಿ.

ಜೂನ್, ಎರಡನೇ ವಾರ

ಕೆಲಸ ನಿಲ್ಲಿಸಿದೆ. ಕಾರಣ ಸೀಸ. ಅಮೆರಿಕದಲ್ಲಿ ಮನೆ ಬಣ್ಣಕ್ಕೆ ಸೀಸ ಸೇರಿಸುವುದನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕೆ ಮುಂಚಿನ ಕಟ್ಟಡ ಅಂದರೆ ಸೀಸ ಇದೆ ಅಂತಲೇ ತಿಳಿಯಬೇಕು. ಅಂಗಡಿಯಿಂದ ಪರೀಕ್ಷೆಯ ಕಡ್ಡಿ ತಂದು ಉಜ್ಜಿದೆ. ತುದಿ ಕೆಂಪಾಯಿತು.

ಹಾಗಾಗಿ ಒಣ ಉಪ್ಪುಕಾಗದ ಹಾಕಿ ಉಜ್ಜುವಂತಿಲ್ಲ, ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಬೆಂಕಿ ಜ್ವಾಲೆ ಹಿಡಿದು ಸುಡುವಂತಿಲ್ಲ, ಸೀಸ ಹೊಗೆಯಾಗುತ್ತದೆ. ಮಕ್ಕಳಿಗೆ ಇದು ತುಂಬ ಅಪಾಯ, ಮಿದುಳಿನ ಬೆಳವಣಿಗೆಗೇ ಪೆಟ್ಟು. ಮಗಳು ‘ನಾನೂ ಬರ್ತೀನಿ’ ಅಂತ ಹಠ ಮಾಡಿದಳು. ಗ್ಯಾರೇಜ್ ಬಾಗಿಲು ದಾಟಬಾರದು ಅಂತ ಹೇಳಿದೆ. ಎರಡು ದಿನ ಮಾತು ಬಿಟ್ಟಳು.

ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ, ಮುಖಕ್ಕೆ ಸಣ್ಣ ಧೂಳೂ ತಡೆಯುವ ಮಾಸ್ಕ್, ಕೆಲಸಕ್ಕೆ ಬೇರೆ ಬಟ್ಟೆ. ಆ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ಒಗೆಯುವುದಿಲ್ಲ. ಏನೇ ಕೆರೆದರೂ ನೀರು ಚಿಮುಕಿಸಿ ಒದ್ದೆ ಮಾಡಿಯೇ ಕೆರೆಯಬೇಕು. ಇದು ಬೇಜಾರಿನ ಕೆಲಸ, ಬರೆಯುವುದಕ್ಕೂ ಬೇಜಾರು. ಆದರೆ ಇದನ್ನು ಬಿಟ್ಟು ಉಳಿದಿದ್ದನ್ನು ಮಾತ್ರ ಓದಿ ಯಾರಾದರೂ ಕೈ ಹಾಕಿದರೆ ನನಗೆ ಪಾಪ ಸುತ್ತಿಕೊಳ್ಳುತ್ತದೆ.

ಜೂನ್, ಮೂರನೇ ಶನಿವಾರ, ಭಾನುವಾರ

ಉಗಿ ಪೆಟ್ಟಿಗೆ ಮಾಡಿದೆ. ಪ್ಲೈವುಡ್ ಪೆಟ್ಟಿಗೆ, ಒಳಗೆ ಬೆಳ್ಳಿ ಬಣ್ಣದ ಹಾಳೆ ಅಂಟಿಸಿದ, ಶಾಖ ತಡೆಯುವ ಹಲಗೆ. ಗೋಡೆಕಾಗದ ಬಿಡಿಸಲು ಬಳಸುವ ಉಗಿಯಂತ್ರದ ಪೈಪನ್ನು ಒಂದು ತೂತಿನಲ್ಲಿ ತೂರಿಸಿದರೆ ಆಯಿತು. ನನ್ನ ಹೆಂಡತಿ ನೋಡಿ ‘ದೊಡ್ಡ ಇಡ್ಲಿ ಪಾತ್ರೆ’ ಅಂದಳು. ನಿಜ, ತತ್ವ ಅದೇ. ಸ್ಯಾಷ್ ಒಳಗಿಟ್ಟು ಮುಚ್ಚಿ, ಒಂದು ಗಂಟೆ ಬೇಯಿಸಿದೆ.

ಹೊರಗೆ ತೆಗೆದಾಗ ಆರೇಳು ಪದರ ಬಣ್ಣ ಹಾಲಿನ ಕೆನೆಯ ಹಾಗೆ ಎದ್ದು ಬಂತು. ಬಿಳಿ, ಅದರ ಕೆಳಗೆ ಕೆನೆ ಬಣ್ಣ, ಅದರ ಕೆಳಗೆ ತಿಳಿ ಹಸಿರು, ಎಲ್ಲದರ ಕೆಳಗೆ ಕಂದು. ಗಾಜಿನ ಅಂಚಿಗೆ ಮೆತ್ತಿದ, ಕಲ್ಲಿನ ಹಾಗಿದ್ದ ಹಳೆ ಪುಟ್ಟಿ ಸಹ ಮೆತ್ತಗಾಯಿತು. ಆರುವ ಮುಂಚೆ ಕೆಲಸ ಮುಗಿಸಬೇಕು. ಆರಿತೋ, ಮತ್ತೆ ಕಲ್ಲು.

ಅವಸರದಲ್ಲಿ ಒಂದು ಗಾಜು ಒಡೆದೆ. ಗಾಜನ್ನು ಹಿಡಿದಿಡುವ ಪುಟ್ಟ ತ್ರಿಕೋನದ ತಗಡು ಇರುತ್ತದೆ, ಪುಟ್ಟಿಯ ಕೆಳಗೆ ಅಡಗಿರುತ್ತದೆ. ಅದನ್ನು ನೋಡದೆ ಚಾಕು ಮೀಟಿದೆ. ಟಿಕ್ ಅಂತ ಒಂದು ಸಣ್ಣ ಸದ್ದು, ಮೂಲೆಯಿಂದ ಮೂಲೆಗೆ ಗೆರೆ. ಎರಡೂ ಸ್ಯಾಷ್ ಸೇರಿ ನಾಲ್ಕು ಗಾಜು. ನಾಲ್ಕರಲ್ಲೂ ತೆಳ್ಳನೆ ಅಲೆ ಇತ್ತು, ಹೊರಗಿನ ಗೋವಿನಜೋಳ ನೋಡಿದರೆ ನೀರೊಳಗೆ ನಿಂತ ಹಾಗೆ ಕಾಣುತ್ತಿತ್ತು. ಈಗ ಮೂರು.

ಈ ಅಲೆ ಬಗ್ಗೆ ಒಂದು ತಪ್ಪು ಮಾತು ಎಲ್ಲ ಕಡೆ ಓಡಾಡುತ್ತಿದೆ. ಗಾಜು ದ್ರವ, ನೂರಾರು ವರ್ಷಕ್ಕೆ ಕೆಳಗೆ ಹರಿಯುತ್ತದೆ, ಅದಕ್ಕೇ ಅಲೆ ಅಂತ. ಸುಳ್ಳು. ಆ ಕಾಲದಲ್ಲಿ ಕರಗಿದ ಗಾಜನ್ನು ಕೊಳವೆಯಲ್ಲಿ ಊದಿ ಉದ್ದದ ಸಿಲಿಂಡರ್ ಮಾಡುತ್ತಿದ್ದರು. ಅದನ್ನು ಉದ್ದಕ್ಕೆ ಸೀಳಿ, ಮತ್ತೆ ಬಿಸಿ ಮಾಡಿ, ಹಾಳೆಯ ಹಾಗೆ ಬಿಡಿಸುತ್ತಿದ್ದರು. ಗುಂಡಗಿದ್ದದ್ದನ್ನು ಚಪ್ಪಟೆ ಮಾಡಿದಾಗ ಉಳಿದ ಸುಕ್ಕು ಅದು. ಹುಟ್ಟಿದ ದಿನದಿಂದಲೇ ಇದೆ.

ಬಣ್ಣ ಹೋದ ಮೇಲೆ ಇನ್ನೊಂದು ಕಂಡಿತು. ಮೇಲಿನ ಸ್ಯಾಷ್‌ನ ಪಕ್ಕದಲ್ಲಿ ಉಳಿಯಿಂದ ಕೊರೆದ ಗುರುತು: ರೋಮನ್ ಅಂಕಿ ಏಳು. ಬಡಗಿಗಳು ಯಾವ ಸ್ಯಾಷ್ ಯಾವ ಕಿಟಕಿಗೆ ಅಂತ ಹೀಗೆ ಗುರುತು ಹಾಕುತ್ತಿದ್ದರು. ನೇರ ಗೆರೆ, ಓರೆ ಗೆರೆ ಅಷ್ಟೇ ಸಾಕಾಗುವುದರಿಂದ ರೋಮನ್ ಅಂಕಿ ಉಳಿಗೆ ಸುಲಭ. ಬಾಗಿಲಿನಿಂದ ಎಣಿಸಿದರೆ ಇದು ಏಳನೇ ಕಿಟಕಿಯೇ. ಆದರೆ ಕೆಳಗಿನ ಸ್ಯಾಷ್‌ನಲ್ಲಿ ನಾಲ್ಕು ನೇರ ಗೆರೆ ಇವೆ. ಅದು ನಾಲ್ಕನೇ ಕಿಟಕಿಯದು. ಅಜ್ಜನಿಗೆ ಫೋನ್ ಮಾಡಿದೆ. ‘ಬಣ್ಣ ಹಚ್ಚುವಾಗ ಅದಲುಬದಲಾಗಿರಬೇಕು, ಬಿಡು’ ಅಂದರು. ಬಿಡುವುದು ಹೇಗೆ? ಎರಡೂ ಸ್ಯಾಷ್ ಸೇರುವ ಜಾಗದಲ್ಲಿ ಚಿಲಕ ಯಾಕೆ ಕೂರುತ್ತಿರಲಿಲ್ಲ ಅಂತ ಈಗ ಗೊತ್ತಾಯಿತು.

ಜೂನ್ ಕೊನೆ

ಕೆಳಗಿನ ಸ್ಯಾಷ್‌ನ ಎಡ ಮೂಲೆ ಕೊಳೆತಿದೆ. ನೀರು ಹರಿದು ಕೊನೆಗೆ ನಿಲ್ಲುವ ಜಾಗ ಅದು. ಸ್ಕ್ರೂಡ್ರೈವರ್ ಒತ್ತಿದರೆ ಒಂದೂವರೆ ಇಂಚು ಒಳಗೆ ಹೋಯಿತು. ಉಳಿದ ಮರ ಮಾತ್ರ ಗಟ್ಟಿ. ಮಿನ್ನೆಸೋಟದ ಹಳೆ ಕಾಡಿನ ಬಿಳಿ ಪೈನ್ ಇರಬೇಕು. ನಿಧಾನ ಬೆಳೆದ ಮರ, ಒಂದು ಇಂಚಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಉಂಗುರ ಎಣಿಸಿದೆ. ಈಗ ಅಂಗಡಿಯಲ್ಲಿ ಸಿಗುವ ಪೈನ್‌ನಲ್ಲಿ ಆರೇಳು ಉಂಗುರ ಇದ್ದರೆ ಹೆಚ್ಚು. ಆ ಕಾಡು ಬಹುಪಾಲು ನೂರು ವರ್ಷದ ಹಿಂದೆಯೇ ಕಡಿದು ಖಾಲಿಯಾಗಿದೆ. ಇಂಥ ಮರ ಕಿತ್ತು ಕಸಕ್ಕೆ ಹಾಕಿ ಪ್ಲಾಸ್ಟಿಕ್ ಕೂರಿಸುವುದು ಅಂದರೆ ನನಗೆ ಹೊಟ್ಟೆ ಉರಿಯುತ್ತದೆ.

ಇಷ್ಟಾದ ಮೇಲೆ ಊರಿಗೆ ಫೋನ್ ಮಾಡಿದೆ. ಗದಗ ಹತ್ತಿರದ ನಮ್ಮೂರಲ್ಲಿ ನಮ್ಮ ಮನೆಯ ಬಾಗಿಲವಾಡ, ನೊಗ, ನೇಗಿಲು ಎಲ್ಲ ಮಾಡಿಕೊಟ್ಟ ಬಡಿಗೇರ ಕಾಕಾ ಇದ್ದಾರೆ. ವಿಡಿಯೋದಲ್ಲಿ ಮೂಲೆ ತೋರಿಸಿದೆ.

‘ಏನೋ ತಮ್ಮಾ, ಕಂಪ್ಯೂಟರ್ ಬಿಟ್ಟು ಬಡಿಗತನಾ ಹಿಡದೀ?’

‘ಶನಿವಾರ, ಐತವಾರ ಅಷ್ಟ ರೀ ಕಾಕಾ. ಈ ಮೂಲಿಗೆ ಏನ್ ಮಾಡ್ಲಿ?’

‘ಕೊಳತದ್ದು ತಗಿ. ಚಲೋ ಕಟಗಿ ಬರೂತನಾ ತಗಿ. ಮ್ಯಾಲ ಅದ ಜಾತಿ ಕಟಗಿ ತ್ಯಾಪಿ ಹಾಕು. ಎಳಿ ಅತ್ತಾಗ ಇತ್ತಾಗ ಆಗಬಾರ್ದು ನೋಡು, ಅದು ಹೊಂಟಂಗ ಇದೂ ಹೋಗ್ಬೇಕು.’

ಇದನ್ನೇ ನಾನು ಮೂರು ವಿಡಿಯೋ ನೋಡಿ ಒಂದು ಗಂಟೆಯಲ್ಲಿ ಕಲಿತಿದ್ದೆ. ಕಾಕಾ ಅರ್ಧ ನಿಮಿಷದಲ್ಲಿ ಹೇಳಿದರು.

ಹಳೆ ಕಪಾಟಿನ ಪೈನ್ ಹಲಗೆ ಒಂದು ಸಿಕ್ಕಿತು. ಕೊಳೆತ ಜಾಗವನ್ನು ಓರೆಯಾಗಿ ಕತ್ತರಿಸಿದೆ. ನೇರವಾಗಿ ಕತ್ತರಿಸಿ ತುದಿಗೆ ತುದಿ ಅಂಟಿಸಿದರೆ ಅಂಟು ಹಿಡಿಯುವುದಿಲ್ಲ. ಓರೆಯಾದರೆ ಅಂಟಿಗೆ ಜಾಗ ಜಾಸ್ತಿ, ನೀರೂ ಜಾರಿ ಹೋಗುತ್ತದೆ. ಎಳೆ ಒಂದೇ ದಿಕ್ಕಿಗೆ ಬರುವ ಹಾಗೆ ತೇಪೆ ಕೊಯ್ದು, ನೀರು ತಡೆಯುವ ಅಂಟು ಹಾಕಿ, ರಾತ್ರಿಯಿಡೀ ಕ್ಲಾಂಪ್‌ನಲ್ಲಿ ಬಿಗಿದೆ. ತೇಪೆಯನ್ನು ಸ್ವಲ್ಪ ದಪ್ಪ ಬಿಟ್ಟಿದ್ದೆ, ಬೆಳಗ್ಗೆ ಉಜ್ಜುಗೊರಡು ಹಿಡಿದು ಸಮ ಮಾಡಿದೆ. ಮೂಲೆಯ ಮರದ ಗೂಟ ಗಟ್ಟಿಯಾಗೇ ಇತ್ತು, ಅದನ್ನು ಮುಟ್ಟಲಿಲ್ಲ.

ಗಾಜಿಗೆ ಎರಡು ವಾರ ಹುಡುಕಿದೆ. ಒಬ್ಬರ ಗ್ಯಾರೇಜ್ ಮಾರಾಟದಲ್ಲಿ ಹಳೆ ಕಿಟಕಿಯೊಂದು ಐದು ಡಾಲರಿಗೆ ಸಿಕ್ಕಿತು, ಅದೇ ಅಲೆಯ ಗಾಜು. ಹಳೆ ಗಾಜು ಕತ್ತರಿಸುವುದು ಎದೆ ಹೊಡೆದುಕೊಳ್ಳುವ ಕೆಲಸ. ಚೆನ್ನಾಗಿ ತೊಳೆದು ಒರೆಸಿ, ಕತ್ತರಿಸುವ ಗಾಲಿಗೆ ಎಣ್ಣೆ ಮುಟ್ಟಿಸಿ, ಒಂದೇ ಸಲ ಎಳೆಯಬೇಕು. ಅದೇ ಗೆರೆಯ ಮೇಲೆ ಎರಡನೇ ಸಲ ಎಳೆದರೆ ಗಾಜೂ ಹಾಳು, ಗಾಲಿಯೂ ಹಾಳು. ಮೊದಲ ಗಾಜು ಅಡ್ಡಾದಿಡ್ಡಿ ಒಡೆಯಿತು. ಎರಡನೆಯದು ಸರಿಯಾಗಿ ಬಂತು. ಮೂರನೆಯದು ಇರಲಿಲ್ಲ.

ಜುಲೈ: ಪುಟ್ಟಿ ಮತ್ತು ಕಾಯುವುದು

ಇಲ್ಲಿಯ ಹಳೆ ಕಿಟಕಿ ಪುಟ್ಟಿ ಅಂದರೆ ಸೀಮೆಸುಣ್ಣದ ಪುಡಿ ಮತ್ತು ಅಗಸೆ ಎಣ್ಣೆ, ಅಷ್ಟೇ. ಡಬ್ಬ ತೆರೆದ ಕೂಡಲೇ ಆ ವಾಸನೆ! ನಾನು ಜೋಳದ ರೊಟ್ಟಿ, ಅಗಸಿ ಚಟ್ನಿ ತಿಂದು ಬೆಳೆದವನು. ಪಕ್ಕದ ಉತ್ತರ ಡಕೋಟಾ ಅಮೆರಿಕದಲ್ಲೇ ಅತಿ ಹೆಚ್ಚು ಅಗಸೆ ಬೆಳೆಯುವ ರಾಜ್ಯ ಅಂತ ಆಮೇಲೆ ಗೊತ್ತಾಯಿತು. ಅಲ್ಲಿ ಯಾರೂ ಚಟ್ನಿ ಮಾಡುವುದಿಲ್ಲ ಅನ್ನುವುದೊಂದೇ ಕೊರತೆ.

ಮೊದಲು ಬರೀ ಮರಕ್ಕೆ ಅಗಸೆ ಎಣ್ಣೆ ಕುಡಿಸಬೇಕು. ಇಲ್ಲದಿದ್ದರೆ ಒಣ ಮರ ಪುಟ್ಟಿಯ ಎಣ್ಣೆಯನ್ನೇ ಹೀರಿಕೊಂಡು ಪುಟ್ಟಿ ಬಿರುಕು ಬಿಡುತ್ತದೆ. ಆಮೇಲೆ ಗಾಜಿನ ಕೆಳಗೆ ತೆಳು ಹಾಸು, ಅದರ ಮೇಲೆ ಗಾಜು ಒತ್ತಿ, ತಗಡಿನ ತ್ರಿಕೋನ ಹೊಡೆದು, ಮೇಲೆ ಓರೆಯಾಗಿ ಪುಟ್ಟಿ. ಹೋಳಿಗೆ ಕಣಕದ ಹದಕ್ಕೆ ನಾದಿದರೆ ಕೈ ಹೇಳಿದ ಹಾಗೆ ಕೇಳುತ್ತದೆ. ನನ್ನ ಮೊದಲ ಗಾಜಿನ ಪುಟ್ಟಿ ನೋಡಿದರೆ ನಾಯಿ ನೆಕ್ಕಿದ ಹಾಗಿದೆ. ನಾಲ್ಕನೆಯದು ಪರವಾಗಿಲ್ಲ. ಚಾಕುವನ್ನು ನಿಲ್ಲಿಸದೆ ಮೂಲೆಯಿಂದ ಮೂಲೆಗೆ ಒಂದೇ ಎಳೆತಕ್ಕೆ ಎಳೆಯಬೇಕು. ನಡುವೆ ನಿಂತು ಚಂದ ಮಾಡಲು ಹೋದರೆ ಕೆಟ್ಟಿತು.

ಕಾಕಾ ಎರಡನೇ ಸಲ ಫೋನಿನಲ್ಲಿ ಹೇಳಿದ್ದು: ‘ಎಣ್ಣಿ ಒರಸಿದ ಅರಿವಿ ಮುದ್ದಿ ಮಾಡಿ ಒಗೀಬ್ಯಾಡ. ತಾನ ಹೊತ್ತಿಕೊಳ್ತೈತಿ.’ ಇದು ನಿಜ. ಅಗಸೆ ಎಣ್ಣೆ ಒಣಗುವುದು ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು. ಆಗ ಬಿಸಿ ಹುಟ್ಟುತ್ತದೆ. ಬಟ್ಟೆ ಮುದ್ದೆಯಾಗಿದ್ದರೆ ಬಿಸಿ ಒಳಗೇ ಸೇರಿ ಬೆಂಕಿಯಾಗುತ್ತದೆ. ನಾನು ಬಟ್ಟೆಗಳನ್ನು ಬೇಲಿಯ ಮೇಲೆ ಒಂದೊಂದಾಗಿ ಹರವಿದೆ. ಮರದ ಹಾಲ್‌ನಲ್ಲಿ ಇದನ್ನು ಮರೆತರೆ ಕಿಟಕಿ ಉಳಿಸಲು ಹೋಗಿ ಕಟ್ಟಡ ಸುಟ್ಟ ಹಾಗೆ.

ಪುಟ್ಟಿಯ ಮೇಲೆ ಕೆನೆ ಕಟ್ಟಲು ಎರಡು ವಾರ ಬೇಕು. ಅಲ್ಲಿಯವರೆಗೆ ಬಣ್ಣ ಹಚ್ಚುವಂತಿಲ್ಲ. ಕಿಟಕಿಯ ಜಾಗಕ್ಕೆ ಪ್ಲೈವುಡ್ ಹೊಡೆದಿದ್ದೆವು. ಹಾಗಾಗಿ ಒಂದು ಶನಿವಾರ ಅಜ್ಜನ ಜೊತೆ ಸುಮ್ನೆ ಕೂತು ಮಾತಾಡಿದೆ. ಅವರು ಪೇಟೆಯಿಂದ ಕೊಲಾಚೆ ತಂದಿದ್ದರು. ಮೆತ್ತನೆಯ ಬನ್ನಿನ ನಡುವೆ ಗಸಗಸೆಯ ಹೂರಣ. ನಮ್ಮ ಗಸಗಸೆ ಪಾಯಸ ಅವರಿಗೆ ಕುಡಿಸಬೇಕು ಅಂತ ಅಲ್ಲೇ ತೀರ್ಮಾನಿಸಿದೆ.

ಇಂಥ ಹಾಲ್ ಕಟ್ಟಿದ ಚೆಕ್ ಸಂಘಗಳ ಮೂಲ ಕೆಲಸ ಕುಣಿತ ಅಲ್ಲ, ಸಾವು. 1854ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಚೆಕ್ ವಲಸಿಗರು ಸಿ.ಎಸ್.ಪಿ.ಎಸ್. ಅನ್ನುವ ನೆರವಿನ ಸಂಘ ಕಟ್ಟಿದರು. ಸದಸ್ಯ ಕಾಯಿಲೆ ಬಿದ್ದರೆ ಸಹಾಯ, ಸತ್ತರೆ ಹೆಂಡತಿ ಮಕ್ಕಳಿಗೆ ಹಣ. ಭಾಷೆ ಬಾರದ ದೇಶದಲ್ಲಿ ವಿಮೆ ಯಾರು ಕೊಡುತ್ತಾರೆ? ಆಗ ಬೊಹೀಮಿಯಾವನ್ನು ಆಳುತ್ತಿದ್ದದ್ದು ಆಸ್ಟ್ರಿಯಾದ ಚಕ್ರವರ್ತಿ. ಅವರಲ್ಲಿ ತುಂಬ ಜನ ಆ ಚಕ್ರವರ್ತಿಯನ್ನೂ ಚರ್ಚನ್ನೂ ಬಿಟ್ಟು ಬಂದವರು. ಚರ್ಚ್ ಇಲ್ಲ ಅಂದರೆ ಮದುವೆ, ನಾಟಕ, ಭಾಷೆಯ ಪಾಠ, ಹೆಣ ಇಟ್ಟು ಕೊನೆಯ ಮಾತಾಡುವುದು, ಎಲ್ಲಕ್ಕೂ ಹಾಲೇ. ಸೇಂಟ್ ಪಾಲ್‌ನ ಮಿಷಿಗನ್ ಸ್ಟ್ರೀಟ್‌ನಲ್ಲಿ 1887ರಲ್ಲಿ ಇದೇ ಸಂಘದವರು ಕಟ್ಟಿದ ಇಟ್ಟಿಗೆಯ ಹಾಲ್ ಈಗಲೂ ಇದೆ. ಹೆಸರಾಂತ ಚೆಕ್ ಸಂಗೀತಗಾರ ಆಂಟೊನಿನ್ ಡ್ವೊರ್ಜಾಕ್ 1893ರ ಬೇಸಿಗೆಯನ್ನು ಅಯೋವಾದ ಸ್ಪಿಲ್‌ವಿಲ್ ಅನ್ನುವ ಚೆಕ್ ಹಳ್ಳಿಯಲ್ಲಿ ಕಳೆದರು. ಆಗ ಸೇಂಟ್ ಪಾಲ್‌ಗೂ ಬಂದರು. ಅವರನ್ನು ಸ್ವಾಗತಿಸಿದ್ದು ಆ ಹಾಲ್‌ನಲ್ಲೇ.

ಮತ್ತೆ ನಮ್ಮ ಹಾಲ್‌ನ ಬಾಗಿಲ ಮೇಲಿರುವ ಝಡ್.ಸಿ.ಬಿ.ಜೆ. ಅದರಿಂದ ಯಾಕೆ ಬೇರೆಯಾಯಿತು? ದುಡ್ಡಿನ ಜಗಳ. ಹಳೆ ಸಂಘದಲ್ಲಿ ಇಪ್ಪತ್ತರ ಹುಡುಗನೂ ಅರವತ್ತರ ಮುದುಕನೂ ಒಂದೇ ವಂತಿಗೆ ಕೊಡಬೇಕಿತ್ತು. ಪಶ್ಚಿಮದ ಶಾಖೆಗಳಲ್ಲಿ ಹರೆಯದ ರೈತರೇ ಜಾಸ್ತಿ. ವಯಸ್ಸು ನೋಡಿ ವಂತಿಗೆ ಹಾಕಿ ಅಂದರು, ಹೆಂಗಸರನ್ನೂ ಸದಸ್ಯರನ್ನಾಗಿ ಮಾಡಿ ಅಂದರು. ಹಳಬರು ಒಪ್ಪಲಿಲ್ಲ. 1897ರಲ್ಲಿ ನೆಬ್ರಾಸ್ಕಾದ ಒಮಾಹಾದಲ್ಲಿ ಸೇರಿ ಬೇರೆ ಸಂಘ ಮಾಡಿಕೊಂಡರು. 1971ರಲ್ಲಿ ಅದರ ಹೆಸರೂ ಇಂಗ್ಲಿಷ್‌ಗೆ ಬದಲಾಯಿತು. ಬಾಗಿಲ ಮೇಲಿನ ನಾಲ್ಕು ಅಕ್ಷರ ಮಾತ್ರ ಇಲ್ಲಿ ಯಾರೂ ಅಳಿಸಲಿಲ್ಲ.

‘ನಿಮ್ಮಲ್ಲಿ ಇಂಥದ್ದು ಇದೆಯಾ?’ ಅಂತ ಅಜ್ಜ ಕೇಳಿದರು. ನಮ್ಮ ಕಡೆಯ ಭಿಶಿ, ಅಂದರೆ ಚೀಟಿ ಹಾಕುವುದರ ಬಗ್ಗೆ ಹೇಳಿದೆ. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ರೈತರ ಸಹಕಾರಿ ಸಂಘ ಕಟ್ಟಿದ್ದನ್ನೂ ಹೇಳಿದೆ. ಅಜ್ಜನ ಕಣ್ಣು ಅರಳಿತು. ಈ ಹಾಲ್‌ನವರೂ ಅದೇ ಕಾಲದವರು. ‘ಹಾಗಾದರೆ ನಿಮ್ಮ ಜನಕ್ಕೆ ಇಲ್ಲಿ ಹಾಲ್ ಎಲ್ಲಿದೆ?’ ಅಂದರು. ಇಲ್ಲ ಅಂದೆ. ಶಾಲೆಯ ಸಭಾಂಗಣ ಬಾಡಿಗೆಗೆ ಹಿಡಿಯುತ್ತೇವೆ, ದೇವಸ್ಥಾನದ ಹಾಲ್ ಹಿಡಿಯುತ್ತೇವೆ, ಈಗ ನಿಮ್ಮದನ್ನು ಹಿಡಿದಿದ್ದೇವೆ. ಅಜ್ಜ ಸ್ವಲ್ಪ ಹೊತ್ತು ಏನೂ ಹೇಳದೆ ಇನ್ನೊಂದು ಕೊಲಾಚೆ ಕೈಗಿಟ್ಟರು.

ಆಗಸ್ಟ್, ಮೊದಲ ಶನಿವಾರ

ಬಣ್ಣ ಎರಡು ಕೋಟ್ ಆಯಿತು. ಪುಟ್ಟಿ ದಾಟಿ ಗಾಜಿನ ಮೇಲೆ ಬಣ್ಣ ಒಂದು ಗೆರೆಯಷ್ಟು ಬರಬೇಕು. ನೋಡಲು ತಪ್ಪು ಅನ್ನಿಸಿದರೂ ಅದೇ ಸರಿ, ಆ ಗೆರೆಯೇ ನೀರು ಒಳಗೆ ಇಳಿಯದ ಹಾಗೆ ತಡೆಯುತ್ತದೆ. ಸ್ಯಾಷ್ ಜಾರುವ ಪಕ್ಕಗಳಿಗೆ ಬಣ್ಣ ಇಲ್ಲ, ಬರೀ ಮೇಣ.

ಸ್ಯಾಷ್‌ಗಳನ್ನು ತೂಕ ಮಾಡಿದೆವು, ಬಚ್ಚಲಮನೆಯ ತೂಕದ ಯಂತ್ರದಲ್ಲಿ. ಸ್ಯಾಷ್ ಹಿಡಿದು ನಿಂತು ನೋಡಿ, ನನ್ನ ತೂಕ ಕಳೆದರೆ ಆಯಿತು. ಮೇಲಿನದು 21 ಪೌಂಡ್, ಕೆಳಗಿನದು 22. ಎರಡೂ ಗುಂಡು ಸೇರಿದರೆ ಸ್ಯಾಷ್‌ನ ತೂಕಕ್ಕೆ ಸಮ ಆಗಬೇಕು, ಆದರೆ ಪೂರ್ತಿ ಸಮ ಅಲ್ಲ. ಮೇಲಿನ ಸ್ಯಾಷ್‌ಗೆ ಗುಂಡು ಒಂದು ಚೂರು ಹೆಚ್ಚು, ಆಗ ಅದು ಮೇಲಕ್ಕೇ ಒತ್ತಿಕೊಂಡಿರುತ್ತದೆ. ಕೆಳಗಿನದಕ್ಕೆ ಒಂದು ಚೂರು ಕಡಿಮೆ, ಆಗ ಅದು ಕೆಳಗೇ ಕೂತಿರುತ್ತದೆ. ಮೂರು ಗುಂಡುಗಳಲ್ಲಿ ಎರಡು ಹತ್ತೂವರೆ ಪೌಂಡ್, ಒಂದು ಹನ್ನೊಂದು. ಮೇಲಿನದಕ್ಕೆ ಇನ್ನೊಂದು ಹನ್ನೊಂದು ಬೇಕು.

ಹಲ್ಲುಕುಂಟೆಯ ಕಟ್ಟನ್ನು ತೂಗಿದೆವು. ಹನ್ನೊಂದು. ತಂತಿ ಸೇರಿ.

ಅಜ್ಜ ಎರಡನೇ ಸಲ ತೂಗಿಸಿದರು. ಮತ್ತೆ ಹನ್ನೊಂದು. ನಾನು ಹಳೆ ಗುಂಡು ಮಾರುವವರ ಹತ್ತಿರ ಒಂದು ತರಿಸಿಬಿಟ್ಟಿದ್ದೆ. ಅದು ಈಗ ನಮ್ಮ ಮನೆಯಲ್ಲಿ ಬಾಗಿಲಿಗೆ ಅಡ್ಡ ಇಡಲು ಬಳಕೆಯಾಗುತ್ತಿದೆ. ತಂತಿ ತುಕ್ಕು ಹಿಡಿದಿತ್ತು ಅಂತ ಹೊಸ ತಂತಿ ಸುತ್ತಿ, ಕಟ್ಟನ್ನು ಅದರ ಜಾಗಕ್ಕೇ ಇಳಿಸಿದೆವು.

ಹಗ್ಗ ಹತ್ತಿಯದೇ, ಕಾಲು ಇಂಚು ದಪ್ಪ. ನೈಲಾನ್ ಹಿಗ್ಗುತ್ತದೆ, ಬೇಡ. ಗಾಲಿಯ ಮೇಲಿಂದ ಹಗ್ಗ ಇಳಿಸಿ, ಪುಟ್ಟ ಬಾಗಿಲಿನಿಂದ ಹಿಡಿದು, ಗುಂಡಿಗೆ ಗಂಟು. ಇನ್ನೊಂದು ತುದಿಗೆ ಎಂಟರ ಆಕಾರದ ಗಂಟು ಹಾಕಿ ಸ್ಯಾಷ್‌ನ ಪಕ್ಕದ ತೂತಿಗೆ ತುರುಕುವುದು. ಉದ್ದ ಸರಿಯಾಗಿರಬೇಕು. ನನ್ನ ಮೊದಲ ಅಳತೆಯಲ್ಲಿ ಸ್ಯಾಷ್ ಪೂರ್ತಿ ಏರುವ ಮುಂಚೆಯೇ ಗುಂಡು ನೆಲ ಮುಟ್ಟಿತು. ಬಿಚ್ಚಿ ಎರಡು ಇಂಚು ಕಡಿಮೆ ಮಾಡಿದೆ. ಹೊಸ ನಡುಪಟ್ಟಿ, ಹಳೆ ಒಳಪಟ್ಟಿ. ಒಳಪಟ್ಟಿ ಹೊಡೆಯುವಾಗ ಸ್ಯಾಷ್ ಮತ್ತು ಪಟ್ಟಿಯ ನಡುವೆ ಒಂದು ಪೋಸ್ಟ್‌ಕಾರ್ಡ್ ಇಟ್ಟುಕೊಂಡೆ. ಅಷ್ಟು ಸಂದು ಸಾಕು.

ಅಜ್ಜನಿಗೆ ‘ನೀವೇ ಎತ್ತಿ’ ಅಂದೆ. ಅವರು ಹಳೆ ಅಭ್ಯಾಸದಲ್ಲಿ ಕಾಲು ಊರಿ, ಎರಡೂ ಕೈ ಕೊಟ್ಟು ಜೋರಾಗಿ ತಳ್ಳಿದರು. ಕಿಟಕಿ ಸುಂಯ್ ಅಂತ ಮೇಲೆ ಹೋಗಿ ಟಕ್ ಅಂತ ನಿಂತಿತು. ಅಜ್ಜ ಮುಗ್ಗರಿಸಿ ಪಿಯಾನೋ ಹಿಡಿದುಕೊಂಡರು. ಬೇಡದ ಸ್ವರವೆಲ್ಲ ಒಟ್ಟಿಗೆ ಕೂಗಿದವು. ಆಮೇಲೆ ಹತ್ತು ನಿಮಿಷ ಅವರು ಆ ಕಿಟಕಿಯನ್ನು ಮೇಲೆ ಕೆಳಗೆ ಮಾಡುತ್ತಲೇ ಇದ್ದರು, ಒಂದು ಬೆರಳಿನಿಂದ. ಗೋಡೆಯೊಳಗೆ ಗುಂಡುಗಳು ಡುಬ್ ಡುಬ್ ಅನ್ನುತ್ತಿದ್ದವು.

ಖರ್ಚು: ಹಗ್ಗ, ಪುಟ್ಟಿ, ಎಣ್ಣೆ, ಬಣ್ಣ, ಪಟ್ಟಿ, ಗಾಜು ಸೇರಿ 93 ಡಾಲರ್. ಬಾಗಿಲಿಗೆ ಅಡ್ಡ ಇಟ್ಟ ಗುಂಡನ್ನು ಲೆಕ್ಕಕ್ಕೆ ಹಿಡಿದಿಲ್ಲ. ಉಗಿಯಂತ್ರ, ಮಾಸ್ಕ್, ಕ್ಲಾಂಪ್ ಬೇರೆ, ಆದರೆ ಅವು ಉಳಿದ ಒಂಬತ್ತಕ್ಕೂ ಬರುತ್ತವೆ. ನನ್ನ ಸಮಯ ಸುಮಾರು ನಲವತ್ತು ಗಂಟೆ. ಎರಡನೆಯದು ಇಪ್ಪತ್ತರಲ್ಲಿ ಮುಗಿಯಬೇಕು. ಚಳಿಗಾಲದ ಮಾತು ಬೇರೆ. ಇಲ್ಲಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಹೋಗುವುದುಂಟು, ಒಂದೇ ಗಾಜು ಸಾಲದು. ಹೊರಗಿನಿಂದ ಸಿಕ್ಕಿಸುವ ಎರಡನೇ ಚೌಕಟ್ಟುಗಳು ನೆಲಮಾಳಿಗೆಯಲ್ಲಿ ಧೂಳು ಹಿಡಿದು ನಿಂತಿವೆ, ಹತ್ತರಲ್ಲಿ ಎಂಟು ಇವೆ. ಅದು ಅಕ್ಟೋಬರ್ ಕೆಲಸ.

ಒಂದು ಬಾಕಿ ಇದೆ. ಚಿಲಕ ಇನ್ನೂ ಕೂರುತ್ತಿಲ್ಲ. ಕೆಳಗಿನ ಸ್ಯಾಷ್ ನಾಲ್ಕನೇ ಕಿಟಕಿಯದು, ಇಂಚಿನ ಎಂಟನೇ ಒಂದು ಭಾಗ ಗಿಡ್ಡ. ಚಿಲಕದ ಕೆಳಗೆ ಮರದ ಚೂರು ಇಟ್ಟು ಸರಿ ಮಾಡಬಹುದು. ಅಜ್ಜನೂ ಅದನ್ನೇ ಹೇಳಿದರು. ಆಮೇಲೆ ಅವರೇ ಎದ್ದು ದಕ್ಷಿಣದ ಗೋಡೆಯ ನಾಲ್ಕನೇ ಕಿಟಕಿ ಹತ್ತಿರ ಹೋಗಿ, ಕನ್ನಡಕ ಹಣೆಗೇರಿಸಿ, ಬಣ್ಣ ಮೆತ್ತಿದ ಸಂದಿಯನ್ನು ಉಗುರಿನಿಂದ ಕೆರೆದು ನೋಡುತ್ತಿದ್ದರು. ಅದು ಎಲ್ಲರಿಗೂ ಕಾಣುವ ಕಿಟಕಿ, ಮುಂಬಾಗಿಲ ಪಕ್ಕದ ಗೋಡೆ. ‘ಉಗಿ ಪೆಟ್ಟಿಗೆ ಕಾರಿನಲ್ಲೇ ಇದೆಯಾ?’ ಅಂತ ಕೇಳಿದರು.